ಗಾಣ, ಬಾಣ ಮತ್ತು ಪಟ್ಟೆ ಸೋಫಾ

ಕುಶನ್ ಮೇಷ್ಟ್ರ ಅಂಗಡಿಗೆ ಸೋಫಾ ರಿಪೇರಿಗೆ ಕೊಡುವವರು ಹೂವಿನ ಬಟ್ಟೆ ತರುತ್ತಾರೆ. ಹೂವು ಸಿಗದಿದ್ದರೆ ಎಲೆ, ಎಲೆಯೂ ಸಿಗದಿದ್ದರೆ ಒಂದೇ ಬಣ್ಣದ ರೆಕ್ಸಿನ್. ಪಟ್ಟೆ ಬಟ್ಟೆಯನ್ನು ಮಾತ್ರ ಯಾರೂ ತರುತ್ತಿರಲಿಲ್ಲ. ಹೂವು ಸ್ವಲ್ಪ ವಾಲಿದರೆ ಗಾಳಿ ಬೀಸಿರಬೇಕು ಎಂದು ಸಮಾಧಾನ ಮಾಡಿಕೊಳ್ಳಬಹುದು. ಪಟ್ಟೆ ವಾಲಿದರೆ ಮನೆಗೆ ಬಂದ ನೆಂಟರೂ ಅದರ ಜೊತೆ ವಾಲಿ ಕೂರುತ್ತಾರೆ.

ಮೇಷ್ಟ್ರಿಗೆ ಕೆಲಸ ಬರುವುದಿಲ್ಲ ಎಂದಲ್ಲ. ಅವರು ಕಟ್ಟಿದ ಸ್ಪ್ರಿಂಗು ಕುಗ್ಗಿದ್ದನ್ನು ಆ ಬೀದಿಯಲ್ಲಿ ಕಂಡವರಿಲ್ಲ. ಅವರು ತುಂಬಿದ ನಾರು ಗಂಟುಗಟ್ಟುವುದಿಲ್ಲ. ಒಳಗಿನದೆಲ್ಲ ಗಟ್ಟಿ, ಮೇಲಿನದು ಮಾತ್ರ ಓರೆ. ಈ ಓರೆಗೆ ಇಬ್ಬರು ಓಟಗಾರ್ತಿಯರು ಕಾರಣ. ಅವರಿಬ್ಬರೂ ಅಲ್ಲಿಯವರೆಗೆ ಆ ಅಂಗಡಿಯ ಹೊಸ್ತಿಲು ತುಳಿದವರಲ್ಲ.

ಮೂರು ಜನ ಕೂರುವ ಸೋಫಾಕ್ಕೆ ಬಟ್ಟೆ ಹೊದಿಸಲು ಇಬ್ಬರು ಬೇಕು. ಒಬ್ಬರು ಈ ತುದಿಗೆ, ಇನ್ನೊಬ್ಬರು ಆ ತುದಿಗೆ. ಸಣ್ಣ ಮೊಳೆಗಳನ್ನು ಬಾಯಿಗೆ ಹಾಕಿಕೊಂಡು, ಎಡಗೈಯಲ್ಲಿ ಬಟ್ಟೆಯನ್ನು ಎಳೆದು ಹಿಡಿದು, ನಾಲಿಗೆಯಿಂದ ಒಂದೊಂದೇ ಮೊಳೆಯನ್ನು ತುಟಿಗೆ ತಂದು ಹೊಡೆಯುತ್ತಾ ಹೋಗಬೇಕು. ಬಾಯಲ್ಲಿ ಮೊಳೆ ಇದ್ದವನು ಮಾತಾಡುವ ಹಾಗಿಲ್ಲ. ಮಾತಾಡಿದರೆ ಮೊಳೆ ಹೊಟ್ಟೆಗೆ ಹೋಗುತ್ತದೆ. ಇದು ಕಸುಬಿನ ನಿಯಮ. ಮೇಷ್ಟ್ರ ಅಂಗಡಿಯಲ್ಲಿ ಇದೇ ಚರ್ಚೆಯ ನಿಯಮವೂ ಆಗಿತ್ತು. ಬಾಯಿ ಖಾಲಿ ಇದ್ದವನು ವಾದ ಮಂಡಿಸಬೇಕು, ಬಾಯಿ ತುಂಬಿದವನು ಕೇಳಬೇಕು. ಎಷ್ಟೋ ದೊಡ್ಡ ಸಭೆಗಳಲ್ಲಿ ಇಷ್ಟೂ ಶಿಸ್ತು ಇರುವುದಿಲ್ಲ.

ತೊಂದರೆ ಒಂದೇ. ಕೇಳುವವನಿಗೆ ಉತ್ತರ ಕೊಡುವ ಅವಸರ. ಬಾಯಿ ಬೇಗ ಖಾಲಿಯಾಗಲಿ ಎಂದು ಅವನು ಬಟ್ಟೆ ಎಲ್ಲಿದೆಯೋ ಅಲ್ಲಿಗೇ ಟಪಟಪ ಹೊಡೆಯುತ್ತಾನೆ. ಹೇಳುವವನು ಒತ್ತಿ ಹೇಳಬೇಕಾದ ಪ್ರತಿಯೊಂದು ಮಾತಿಗೂ ಬಟ್ಟೆಯನ್ನು ತನ್ನ ಕಡೆಗೆ ಜಗ್ಗುತ್ತಾನೆ. ಹೀಗಾಗಿ ಸೋಫಾ ನೋಡಿದವರು ಅಂದಿನ ವಾದದಲ್ಲಿ ಯಾರ ಕೈ ಮೇಲಾಗಿತ್ತೆಂದು ಹೇಳಬಹುದಿತ್ತು. ಎಡಕ್ಕೆ ವಾಲಿದ್ದರೆ ಮೇಷ್ಟ್ರದು, ಬಲಕ್ಕೆ ವಾಲಿದ್ದರೆ ಅವರ ಭಾವಮೈದುನನದು.

ಮೇಷ್ಟ್ರು ಯಾರಿಗೂ ಯಾವತ್ತೂ ಪಾಠ ಹೇಳಿದವರಲ್ಲ. ಮಾತಿನ ಕೊನೆಗೆ "ಅರ್ಥ ಆಯ್ತಾ?" ಎಂದು ಕೇಳುವ ಅಭ್ಯಾಸ ಇದ್ದದ್ದರಿಂದ ಆ ಹೆಸರು ಬಂತು. ಹದಿಹರೆಯದಲ್ಲಿ ಈ ಅಂಗಡಿಗೆ ಹಳೆಯ ನಾರು ಬಿಡಿಸುವ ಕೆಲಸಕ್ಕೆ ಸೇರಿದರು. ಕೈಗುಣ ನೋಡಿದ ಮಾಲೀಕರು ಮಗಳನ್ನು ಕೊಟ್ಟರು, ಆಮೇಲೆ ಅಂಗಡಿ ಕೊಟ್ಟರು, ಕಣ್ಣು ಮುಚ್ಚುವ ಮುಂಚೆ ತಮ್ಮ ಮಗನ ಕೈಯನ್ನೂ ಹಿಡಿಸಿ ಹೋದರು. ಈ ಮೂರರಲ್ಲಿ ಹಿಂದಿರುಗಿಸಬಹುದಾದದ್ದು ಒಂದೂ ಇರಲಿಲ್ಲ. ಮಗಳು ಹೊಲಿಗೆ ಯಂತ್ರದ ಮುಂದೆ ಕೂತು ದಿಂಬಿನ ಗವಸು ಹೊಲಿಯುತ್ತಾರೆ. ಇಡೀ ಬೀದಿಗೆ ಅವರು ಅಕ್ಕ. ಮಗ ಸೋಫಾದ ಬಲತುದಿ ಹಿಡಿದ. ಭಾವ ಎಡತುದಿಯಲ್ಲಿ, ಭಾವಮೈದುನ ಬಲತುದಿಯಲ್ಲಿ. ಇಬ್ಬರ ಕೂದಲೂ ಅಲ್ಲೇ ನೆರೆಯಿತು.

ಇನ್ನು ಆ ಓಟಗಾರ್ತಿಯರು. ಪತ್ರಿಕೆಯವರು ಒಬ್ಬಳನ್ನು ಬಾಣ ಎಂದು ಕರೆದರು, ಇನ್ನೊಬ್ಬಳನ್ನು ಗಾಣ ಎಂದರು. ಬಾಣ ಬಿಟ್ಟರೆ ಸಿಗದವಳು. ಕೆಲವೇ ವರ್ಷ ಓಡಿದಳು, ದಾಖಲೆಗಳನ್ನು ಮುರಿದಳು, ಎದ್ದು ಹೋದಳು. ಗಾಣ ಸುತ್ತುತ್ತಲೇ ಇರುವವಳು. ದಾಖಲೆಯ ಗೊಡವೆಗೆ ಹೋಗಲಿಲ್ಲ. ಆದರೆ ಅವಳು ನಿಂತದ್ದನ್ನು ಯಾರೂ ನೋಡಲಿಲ್ಲ, ಓಡಿದ ಓಟವನ್ನೆಲ್ಲ ಮುಗಿಸಿದಳು. ಇಬ್ಬರೂ ಎದುರುಬದುರಾದ ದೊಡ್ಡ ಓಟ ಒಂದೇ. ಕೊನೆಯ ತಿರುವಿನಲ್ಲಿ ಮುಂದಿದ್ದ ಬಾಣ ಬಿದ್ದಳು. ಹಿಂದಿದ್ದ ಗಾಣ ಗೆದ್ದಳು.

ಮೇಷ್ಟ್ರು ಬಾಣದ ಪಕ್ಷ. ಬೀಳುವವರೆಗೆ ಯಾರು ಮುಂದಿದ್ದರು ಎಂಬುದೊಂದೇ ಅವರ ಪ್ರಶ್ನೆ. ಭಾವಮೈದುನ ಗಾಣದ ಪಕ್ಷ. ಬೀಳದೆ ಓಡುವುದಕ್ಕೇ ಓಟ ಎನ್ನುತ್ತಾರೆ ಎಂಬುದು ಅವನ ಉತ್ತರ. ಈ ಎರಡು ವಾಕ್ಯಗಳನ್ನು ಹಿಗ್ಗಿಸಿ, ಕುಗ್ಗಿಸಿ, ಒಳಗೆ ನಾರು ತುಂಬಿ, ಮೇಲೆ ಹೊಸ ಬಟ್ಟೆ ಹೊದಿಸಿ ಇಬ್ಬರೂ ಮೂವತ್ತು ಚಿಲ್ಲರೆ ವರ್ಷ ಕಳೆದರು.

ಓಟವನ್ನು ಇಬ್ಬರೂ ನೋಡಿಲ್ಲ ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ಇದೇ ಅಂಗಡಿಯಲ್ಲಿ, ಅರ್ಧ ಬಿಚ್ಚಿದ ಸೋಫಾದ ಮೇಲೆ ರೇಡಿಯೋ ಇಟ್ಟುಕೊಂಡು ಕೇಳಿದ್ದರು. ಕೊನೆಯ ತಿರುವಿಗೆ ಸರಿಯಾಗಿ ರೇಡಿಯೋ ಕೊರಕೊರ ಎಂದಿತು. ಮೇಷ್ಟ್ರು ಅದರ ತಲೆಗೊಂದು ಪೆಟ್ಟು ಕೊಟ್ಟಾಗ ಅದು ಚಪ್ಪಾಳೆಯ ಸದ್ದಿನೊಂದಿಗೆ ಮತ್ತೆ ಬಾಯಿ ಬಿಟ್ಟಿತು. ನಡುವೆ ಕೇಳಿಸದೇ ಹೋದ ಭಾಗದ ಬಗ್ಗೆಯೇ ಇಬ್ಬರಿಗೂ ಎಲ್ಲಕ್ಕಿಂತ ಹೆಚ್ಚು ತಿಳಿವಳಿಕೆ. ಮೇಷ್ಟ್ರ ಪ್ರಕಾರ ಟ್ರ್ಯಾಕಿನಲ್ಲಿ ಗುಂಡಿ ಇತ್ತು. ಭಾವಮೈದುನನ ಪ್ರಕಾರ ಬಾಣಕ್ಕೆ ಉಸಿರು ಕಟ್ಟಿತ್ತು.

ಸಾಕ್ಷಿಗೆ ಗೋಡೆಯ ಮೇಲೆ ಒಂದು ಚಿತ್ರ ಇತ್ತು. ಪತ್ರಿಕೆಯಿಂದ ಕತ್ತರಿಸಿ ಕಟ್ಟು ಹಾಕಿಸಿದ್ದು. ಅದರಲ್ಲಿ ಬಾಣ ಬಿದ್ದಿದ್ದಾಳೆ, ಮುಖ ನೆಲದ ಕಡೆ. ಗಾಣ ದಾಟುತ್ತಿದ್ದಾಳೆ, ಮುಖಕ್ಕೆ ಅವಳದೇ ತೋಳು ಅಡ್ಡ. ಹೀಗೆ ಎರಡು ಪಕ್ಷದವರೂ ಮುಖವೇ ಕಾಣದ ಚಿತ್ರದ ಕೆಳಗೆ ಕೂತು ಮುಖಭಾವಗಳನ್ನು ವಿವರಿಸುತ್ತಿದ್ದರು. ಗೆಳತಿ ಬಿದ್ದ ಸಂಕಟಕ್ಕೆ ಗಾಣ ಮುಖ ಮುಚ್ಚಿಕೊಂಡಳು, ಅಂಥ ದೊಡ್ಡ ಮನಸ್ಸು ಎಂದು ಭಾವಮೈದುನ ಹೇಳುವನು. ತನ್ನದಲ್ಲದ ಗೆಲುವಿಗೆ ನಾಚಿ ಮುಚ್ಚಿಕೊಂಡಳು ಎಂದು ಮೇಷ್ಟ್ರು ಹೇಳುವರು. ಮೇಷ್ಟ್ರು ತಮ್ಮ ಜೀವಮಾನದಲ್ಲಿ ಓಡಿದ್ದು ಒಂದು ಸಲ, ಬಸ್ಸಿನ ಹಿಂದೆ. ಅದೂ ಸಿಗಲಿಲ್ಲ.

ಇದೆಲ್ಲ ಹೀಗೇ ನಡೆಯುತ್ತಿತ್ತೋ ಏನೋ. ಆದರೆ ಮೂಲೆಯ ಹಲ್ಲಿನ ಡಾಕ್ಟರು ತಮ್ಮ ಕ್ಲಿನಿಕ್ಕಿನ ಸೋಫಾಕ್ಕೆ ಚೌಕಳಿ ಬಟ್ಟೆ ಹಾಕಿಸಿದರು. ಒಂದು ತಿಂಗಳ ಮೇಲೆ ಆಕೆಯೇ ಅಂಗಡಿಗೆ ಬಂದರು. ಗಿರಾಕಿಗಳು ಕೂತಿದ್ದರು. ಆಕೆ ಮೇಷ್ಟ್ರನ್ನು ನೋಡಲಿಲ್ಲ. ಚೌಕಳಿಯ ಬಲತುದಿ ಮುಗಿಸಿದ ಭಾವಮೈದುನನನ್ನು ನೋಡಿದರು.

"ನಿಮ್ಮಿಂದ ಒಂದು ಅನುಕೂಲ ಆಗಿದೆ," ಎಂದರು. "ನಾನು ಕತ್ತು ವಾಲಿಸಿ ಅನ್ನೋದೇ ಬೇಡ. ಹೊರಗೆ ಕೂತಿರುವಾಗಲೇ ಎಲ್ಲರೂ ವಾಲಿಸಿಕೊಂಡು ಬರ್ತಾರೆ."

ಜನ ನಕ್ಕರು. ಮೇಷ್ಟ್ರೂ ನಕ್ಕರು, ಓರೆ ಬಲಕ್ಕಿದ್ದದ್ದರಿಂದ. ಭಾವಮೈದುನ ನಗಲಿಲ್ಲ. ಹೊರವಲಯದ ದೊಡ್ಡ ಫರ್ನಿಚರ್ ಕಾರ್ಖಾನೆಯವರು ಅವನನ್ನು ಮೇಸ್ತ್ರಿಯಾಗಿ ಬಾ ಎಂದು ಕರೆಯುತ್ತಲೇ ಇದ್ದರು. ಅಲ್ಲಿ ಮೊಳೆ ಇಲ್ಲ, ಗಾಳಿಯ ಒತ್ತಡದಲ್ಲಿ ಪಿನ್ನು ಹೊಡೆಯುವ ಗನ್ನು. ಬಾಯಿ ಇಡೀ ದಿನ ಖಾಲಿ, ಮಾತಾಡಿದರೆ ಮಾತ್ರ ಕೆಲಸ ಹೋಗುತ್ತದೆ. ಅವತ್ತು ಅಂಗಡಿ ಮುಚ್ಚುವಾಗ ಅವನು ಅಕ್ಕನ ಎದುರು ನಿಂತು, ಇನ್ನೊಂದೇ ಸೋಫಾ ನೋಡುತ್ತೇನೆ ಎಂದ. ನೆಟ್ಟಗೆ ಬಂದರೆ ಇರುತ್ತೇನೆ, ಓರೆ ಬಂದರೆ ಸೋಮವಾರದಿಂದ ಕಾರ್ಖಾನೆ.

ಮೇಷ್ಟ್ರು ಹೋಗಲಿ ಬಿಡು ಎಂದರು. ಆಮೇಲೆ ಮನೆಗೆ ಹೋಗಿ ಊಟ ಬೇಡ ಎಂದರು. ಅವರ ಎಡಭುಜ ಈಗ ಮೇಲಕ್ಕೆ ಏಳುವುದಿಲ್ಲ; ಎರಡನೆಯ ಜೋಡಿ ಕೈ ಇಲ್ಲದೆ ಸೋಫಾ ಕೆಲಸ ನಡೆಯುವುದಿಲ್ಲ. ಕೂಲಿಗೆ ಬೇರೆ ಕೈ ಸಿಗುತ್ತದೆ. ಆದರೆ ಗಾಣ ದೊಡ್ಡವಳು ಎಂದು ಎದುರು ಕೂತು ಹೇಳುವವನು ಎಲ್ಲಿ ಸಿಗುತ್ತಾನೆ? ಒಪ್ಪುವವರ ಜೊತೆ ಎಷ್ಟು ದಿನ ಮಾತಾಡಲು ಸಾಧ್ಯ? ಇದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ಅಕ್ಕನಿಗೆ ಹೇಳಬೇಕಾಗಿಯೂ ಇರಲಿಲ್ಲ.

ಮರುದಿನ ಬಂದ ಸೋಫಾ ಪಟ್ಟೆಯದು.

ತಂದವರು ಹೊಸದಾಗಿ ಆ ಬೀದಿಯ ಫ್ಲ್ಯಾಟಿಗೆ ಬಂದ ಒಬ್ಬ ಹಿರಿಯ ಹೆಂಗಸು. ದಪ್ಪ ಕನ್ನಡಕ, ತುಂಬಿದ ಮೈ, ಮೆಟ್ಟಿಲು ಹತ್ತುವಾಗ ಮಂಡಿಯ ಮೇಲೆ ಕೈ. ಹೊಸಬರಾದ್ದರಿಂದ ಬೀದಿಯ ಜ್ಞಾನ ಅವರಿಗಿರಲಿಲ್ಲ. ಅಗಲ ನೀಲಿ ಪಟ್ಟೆಯ ಬಟ್ಟೆಯನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಬಂದಿದ್ದರು. ಅಕ್ಕ ಮೆಲ್ಲಗೆ ಹೂವಿನ ಬಟ್ಟೆಯ ಗುಣಗಾನ ಶುರುಮಾಡಿದರು. ಆಕೆ ಪಟ್ಟೆಯೇ ಬೇಕು ಎಂದರು. ಸಾಲದ್ದಕ್ಕೆ, ಮನೆಯಲ್ಲಿ ಕೂರಲು ಬೇರೆ ಏನೂ ಇಲ್ಲ, ಕೆಲಸ ಮುಗಿಯುವವರೆಗೆ ದಿನಾ ಇಲ್ಲೇ ಬಂದು ಕೂರುತ್ತೇನೆ ಎಂದರು.

ಅಕ್ಕ ಯಂತ್ರ ನಿಲ್ಲಿಸಿ ಗಂಡನನ್ನೂ ತಮ್ಮನನ್ನೂ ಕರೆದರು.

"ಈ ಸೋಫಾ ಬಾಗಿಲು ದಾಟೋವರೆಗೆ ಇಬ್ಬರ ಬಾಯಲ್ಲೂ ಮೊಳೆ ಇರಬೇಕು. ಖಾಲಿ ಆದ ಕೂಡಲೇ ತುಂಬಿಸ್ಕೊಳ್ಳಿ. ಗಾಣ ಅಂತ ಕೇಳಿಸಿದ್ರೆ ನಿನಗೆ ಊಟ ಇಲ್ಲ. ಬಾಣ ಅಂತ ಕೇಳಿಸಿದ್ರೆ ನಿಮಗಿಲ್ಲ. ಅರ್ಥ ಆಯ್ತಾ?"

ಕೊನೆಯ ಎರಡು ಪದ ತಮ್ಮವು ಎಂದು ಮೇಷ್ಟ್ರಿಗೆ ಅನ್ನಿಸಿತು. ಆದರೆ ಅಷ್ಟರಲ್ಲಿ ಬಾಯಿ ತುಂಬಿತ್ತು.

ಅಂಗಡಿ ಮೌನವಾಯಿತು. ಬೀದಿಗೆ ಇದು ಎಷ್ಟು ವಿಚಿತ್ರವಾಗಿ ಕಂಡಿತೆಂದರೆ, ಯಾರಿಗೆ ಹುಷಾರಿಲ್ಲ ಎಂದು ಇಬ್ಬರು ಬಂದು ವಿಚಾರಿಸಿಕೊಂಡು ಹೋದರು. ನಿವೃತ್ತ ಲೈನ್‌ಮನ್ ಒಬ್ಬರು ದಿನವೂ ಬಾಗಿಲ ಬಳಿಯ ಹಳೇ ಕಾರಿನ ಸೀಟಿನಲ್ಲಿ ಕೂತು ತೀರ್ಪುಗಾರಿಕೆ ಮಾಡುತ್ತಿದ್ದರು. ಯಾವತ್ತೂ ತೀರ್ಪು ಕೊಟ್ಟವರಲ್ಲ. ಕೊಟ್ಟರೆ ಮರುದಿನ ಬರಲು ನೆಪ ಇರುವುದಿಲ್ಲ. ಅವರು ಈ ಮೌನದಲ್ಲಿ ಆಕಳಿಸಿ ಆಕಳಿಸಿ ದವಡೆ ನೋಯಿಸಿಕೊಂಡರು.

ಮೌನದಿಂದ ಸೋಫಾದ ಬೆನ್ನಿನ ಬಟ್ಟೆ ನೆಟ್ಟಗೆ ಬರಬೇಕಿತ್ತು. ಬರಲಿಲ್ಲ. ಬಾಯಿಗೆ ಮೊಳೆ ಹಾಕಬಹುದು, ಮನಸ್ಸಿಗೆ ಹಾಕಲಾಗುವುದಿಲ್ಲ. ಮೇಷ್ಟ್ರು ಮನಸ್ಸಿನೊಳಗೇ ಗುಂಡಿಯ ವಾದ ಮಂಡಿಸಿದರು, ಅದು ಚೆನ್ನಾಗಿ ಬಂದಂತೆ ತೋರಿ ಬಟ್ಟೆ ಜಗ್ಗಿದರು. ಎದುರಿನವನಿಗೆ ಆ ಜಗ್ಗಾಟದಿಂದಲೇ ವಾದ ಅರ್ಥವಾಯಿತು. ನೀಲಿ ಪಟ್ಟೆಗಳು ಎಡಕ್ಕೆ ವಾಲಿದವು. ಭಾವಮೈದುನ ಅಷ್ಟನ್ನೂ ಬಿಚ್ಚಿ ಒಬ್ಬನೇ ಮತ್ತೆ ಹೊಡೆದ. ಹೊಡೆದು, ಮೊಳೆ ಉಗಿದು, ಬೆನ್ನು ಲೆಕ್ಕಕ್ಕಿಲ್ಲ, ಕೂರುವ ಜಾಗ ಒಂದು ಉಳಿದಿದೆ, ಅದನ್ನು ನೋಡಿ ಹೇಳುತ್ತೇನೆ ಎಂದ. ಅಂದು ಶುಕ್ರವಾರ.

ಶನಿವಾರ ಬೆಳಿಗ್ಗೆ ಕೂರುವ ಜಾಗಕ್ಕೆ ಬಟ್ಟೆ ಹಾಸಿದರು. ಮಧ್ಯದ ಪಟ್ಟೆಗೆ ಸೀಮೆಸುಣ್ಣದ ಗೆರೆ ಎಳೆದರು. ಇಬ್ಬರೂ ಬಾಯಿ ತುಂಬಿಸಿಕೊಂಡು ಎರಡು ತುದಿ ಹಿಡಿದರು. ಮೇಷ್ಟ್ರು ಹಿಡಿದ ತುದಿಯನ್ನು ಬಿಟ್ಟು ಮತ್ತೆ ಹಿಡಿದರು. ಅದನ್ನು ನೋಡದವರ ಹಾಗೆ ಅಕ್ಕ ಯಂತ್ರ ತುಳಿಯುತ್ತಿದ್ದರು.

ಸೋಫಾದ ಯಜಮಾನಿ ಗೋಡೆಯ ಕಡೆ ನೋಡುತ್ತಾ ಕೂತಿದ್ದರು. ಅದು ಯಾರ ಚಿತ್ರ ಎಂದು ಕೇಳಿದರು. ಕೆಲಸದವರಿಬ್ಬರೂ ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಲೈನ್‌ಮನ್‌ಗೆ ಅಕ್ಕನ ನಿಷೇಧ ಅನ್ವಯಿಸುತ್ತಿರಲಿಲ್ಲ; ಅವರ ಊಟ ಬೇರೆ ಮನೆಯಲ್ಲಿತ್ತು.

"ಅದು ಓಟದ ವಿಷಯ ಅಮ್ಮ, ನಿಮಗೆ ಗೊತ್ತಾಗಲ್ಲ," ಎಂದು ಶುರುಮಾಡಿ ಅವರು ಎಲ್ಲವನ್ನೂ ಹೇಳಿದರು. ಗುಂಡಿ, ಉಸಿರು, ದೊಡ್ಡ ಮನಸ್ಸು, ನಾಚಿಕೆ, ಯಾವುದನ್ನೂ ಬಿಡಲಿಲ್ಲ.

ಆಕೆ ಎದ್ದು, ಮಂಡಿ ಹಿಡಿದುಕೊಂಡು ಗೋಡೆಯ ಹತ್ತಿರ ಹೋಗಿ, ಕನ್ನಡಕ ಹಣೆಗೇರಿಸಿ ಚಿತ್ರಕ್ಕೆ ಮೂಗು ತಾಗುವಷ್ಟು ಸಮೀಪ ನಿಂತರು.

"ಇದು ನಾನು," ಎಂದರು. "ಈ ತೋಳು ಅಡ್ಡ ಇರೋದು."

ಲೈನ್‌ಮನ್ ನಂಬಲಿಲ್ಲ. ಆಕೆ ತಿರುಗಿ, ಚಿತ್ರದಲ್ಲಿದ್ದ ಹಾಗೇ ಮೊಣಕೈ ಮಡಿಸಿ ಮುಖಕ್ಕೆ ಅಡ್ಡ ಹಿಡಿದು ತೋರಿಸಿದರು. ಲೈನ್‌ಮನ್ ಚಿತ್ರ ನೋಡಿದರು, ತೋಳು ನೋಡಿದರು, ಮತ್ತೆ ಚಿತ್ರ ನೋಡಿದರು, ಮತ್ತು ಕಾರಿನ ಸೀಟಿನಿಂದ ಎದ್ದು ನಿಂತರು. ಅಕ್ಕನ ಯಂತ್ರ ನಿಂತಿತು. ಸೋಫಾದ ಎರಡು ತುದಿಗಳಲ್ಲಿ ಎರಡು ಸುತ್ತಿಗೆಗಳು ಗಾಳಿಯಲ್ಲೇ ನಿಂತವು.

ಎದುರಿಗೆ ಸಾಕ್ಷಾತ್ ಗಾಣ. ಇಬ್ಬರ ಬಾಯಲ್ಲೂ ಆಗಷ್ಟೇ ತುಂಬಿದ ಮೊಳೆ.

"ಮುಖ ಯಾಕೆ ಮುಚ್ಚಿಕೊಂಡ್ರಿ ಅಮ್ಮ?" ಎಂದು ಲೈನ್‌ಮನ್ ಕೇಳಿದರು. ಅವರ ಧ್ವನಿ ಆಗಲೇ ದೇವರ ಮುಂದೆ ನಿಂತವರ ಹಾಗಿತ್ತು.

"ಮುಚ್ಕೊಳ್ಳೋದೇನು? ಕಣ್ಣಿಗೆ ಬೆವರು ಇಳೀತು, ಒರೆಸ್ಕೊಂಡೆ."

ದೊಡ್ಡ ಮನಸ್ಸೂ ಹೋಯಿತು, ನಾಚಿಕೆಯೂ ಹೋಯಿತು. ಲೈನ್‌ಮನ್ ಚೇತರಿಸಿಕೊಂಡು, ಬಾಣ ಬಿದ್ದದ್ದು ಯಾಕೆ ಎಂದರು.

"ಅವಳ ಶೂ ಹಿಂದಿನ ದಿನ ಬಾಯಿ ಬಿಟ್ಟಿತ್ತು. ನನ್ನ ಹಳೇ ಜೊತೆ ಕೊಟ್ಟಿದ್ದೆ. ಸ್ವಲ್ಪ ದೊಡ್ಡದಾಯ್ತು. ಕಾಗದ ತುರುಕ್ಕೊಂಡು ಓಡಿದ್ಲು, ಪಾಪ. ಇಬ್ಬರೂ ಒಂದೇ ರೂಮಲ್ಲಿ ಇದ್ವಿ. ನನ್ನ ಗೊರಕೆಗೆ ಅವಳಿಗೆ ನಿದ್ದೆ ಬೇರೆ ಇಲ್ಲ."

ಗುಂಡಿ ಮುಚ್ಚಿಹೋಯಿತು. ಉಸಿರಿನ ವಾದದ ಉಸಿರೂ ನಿಂತಿತು. ಲೈನ್‌ಮನ್ ಕೊನೆಯ ಪ್ರಶ್ನೆಯನ್ನು ಎರಡು ಪಕ್ಷಗಳ ಪರವಾಗಿಯೂ ಕೇಳಿದರು. ಹಾಗಾದರೆ ನಿಮ್ಮಿಬ್ಬರಲ್ಲಿ ಯಾರು ಹೆಚ್ಚು?

ಆಕೆ ಕನ್ನಡಕ ಇಳಿಸಿಕೊಂಡು ಮತ್ತೆ ಬಂದು ಕೂತರು.

"ಹೆಚ್ಚೇನು, ಕಮ್ಮಿ ಏನು. ಇಬ್ಬರೂ ಒಂದೇ. ಒಂದಿನ ಅವಳು ಮುಂದೆ, ಒಂದಿನ ನಾನು. ಅದರಲ್ಲಿ ಮಾತಾಡೋಕೆ ಏನಿದೆ?"

ಮೇಷ್ಟ್ರ ಕಿವಿ ಕೆಂಪಾಯಿತು. ಭಾವಮೈದುನನ ಹಣೆಯ ನರ ಉಬ್ಬಿತು. ಗಾಣ ಹೆಚ್ಚು ಎಂದಿದ್ದರೆ ಮೇಷ್ಟ್ರು ಸಹಿಸುತ್ತಿದ್ದರು, ಅಭ್ಯಾಸವಿತ್ತು. ಬಾಣ ಹೆಚ್ಚು ಎಂದಿದ್ದರೆ ಭಾವಮೈದುನ ಅದನ್ನು ವಿನಯ ಎಂದು ತೇಲಿಸಿಬಿಡುತ್ತಿದ್ದ. ಇಬ್ಬರೂ ಒಂದೇ ಎಂಬುದಕ್ಕೆ ಏನು ಮಾಡುವುದು? ಮೂವತ್ತು ವರ್ಷಗಳ ಬೆವರು, ಬಿಟ್ಟ ಊಟಗಳು, ಓರೆಯಾದ ಸೋಫಾಗಳು, ಎಲ್ಲವನ್ನೂ ಆಕೆ ಒಂದು ಮಾತಿನಲ್ಲಿ ಧೂಳು ಕೊಡವಿದಂತೆ ಕೊಡವಿದ್ದರು. ಇದಕ್ಕೆ ಉತ್ತರ ಕೊಡಲೇಬೇಕು. ಕೊಡಬೇಕೆಂದರೆ ಮೊದಲು ಬಾಯಿ ಖಾಲಿಯಾಗಬೇಕು.

ಎರಡು ಸುತ್ತಿಗೆಗಳೂ ಒಟ್ಟಿಗೇ ಕೆಳಗಿಳಿದವು. ಈ ತುದಿಯಲ್ಲಿ ಟಪ್ ಎಂದರೆ ಆ ತುದಿಯಲ್ಲೂ ಟಪ್. ಜಗ್ಗಿ ಹೇಳಲು ಯಾರಿಗೂ ಮಾತಿರಲಿಲ್ಲವಾದ್ದರಿಂದ ಜಗ್ಗಾಟವೂ ಇರಲಿಲ್ಲ. ಇಬ್ಬರಿಗೂ ಅವಸರ ಒಂದೇ, ಕೋಪ ಒಂದೇ, ಗುರಿಯೂ ಒಂದೇ. ಕೊನೆಯ ಮೊಳೆ ಎರಡೂ ಕಡೆ ಹೆಚ್ಚುಕಡಿಮೆ ಜೊತೆಗೇ ಬಿತ್ತು.

"ಅಮ್ಮಾ," ಎಂದರು ಮೇಷ್ಟ್ರು, ತುಟಿ ಒರೆಸಿಕೊಂಡು, ಬಹಳ ಮರ್ಯಾದೆಯಿಂದ. "ನೀವು ಓಡಿದೀರಿ, ನಾನು ಇಲ್ಲ ಅನ್ನಲ್ಲ. ಆದ್ರೆ ಓಡೋವ್ರಿಗೆ ಮುಂದಿನ ನೆಲ ಬಿಟ್ರೆ ಏನು ಕಾಣುತ್ತೆ? ನಾವು ರೇಡಿಯೋದಲ್ಲಿ ಪೂರ್ತಿ ಕೇಳಿದೀವಿ. ಅರ್ಥ ಆಯ್ತಾ?"

"ಭಾವ ಹೇಳೋದು ಸರಿ," ಎಂದ ಭಾವಮೈದುನ.

ಆ ಅಂಗಡಿಯಲ್ಲಿ ಈ ವಾಕ್ಯ ಹುಟ್ಟಿದ್ದು ಅದೇ ಮೊದಲು. ಹೇಳಿದವನೂ ಬೆಚ್ಚಿಬಿದ್ದ ಹಾಗೆ ಕಂಡ. ಆದರೂ ಬಿಡಲಿಲ್ಲ. "ನೀವು ನಿಮ್ಮನ್ನೇ ಕಮ್ಮಿ ಮಾಡ್ಕೋಬಾರದು ಅಮ್ಮ. ನಿಮ್ಮ ಬಗ್ಗೆ ನಿಮಗೆ ಗೊತ್ತಿಲ್ಲ."

"ಬಾಣದ ಬಗ್ಗೆನೂ ಗೊತ್ತಿಲ್ಲ," ಎಂದು ಮೇಷ್ಟ್ರು ಸೇರಿಸಿದರು.

ಆಕೆ ಒಬ್ಬರಾದ ಮೇಲೆ ಒಬ್ಬರನ್ನು ನೋಡಿದರು. ಹಾಗಾದರೆ ನಾವು ಸಮ ಅಲ್ಲವೇ ಎಂದು ಕೇಳಿದರು. ಇಬ್ಬರೂ ಒಂದೇ ಉಸಿರಿನಲ್ಲಿ ಅಲ್ಲ ಎಂದರು. ಆಕೆ, ಇರಬಹುದು, ನಾನು ರೇಡಿಯೋ ಕೇಳಿಲ್ಲ ಎಂದು ಒಪ್ಪಿಕೊಂಡರು.

ಈ ನಡುವೆ ಅಕ್ಕ ಯಂತ್ರದಿಂದ ಎದ್ದು ಬಂದಿದ್ದರು. ಅಳತೆಯ ಕೋಲನ್ನು ಮಧ್ಯದ ಪಟ್ಟೆಯ ಮೇಲೆ ಇಟ್ಟರು. ಪಟ್ಟೆ ಕೋಲಿನಡಿ ಅಡಗಿ ಕೂತಿತು. ಎಡತುದಿಯ ಪಟ್ಟೆಗೆ ಇಟ್ಟರು, ಬಲತುದಿಗೆ ಇಟ್ಟರು. ಎಲ್ಲಿಯೂ ಒಂದು ಎಳೆ ಆಚೀಚೆ ಇರಲಿಲ್ಲ. ಅವರು ಕೋಲನ್ನು ಅಲ್ಲೇ ಬಿಟ್ಟು ತಮ್ಮನ ಕಡೆ ತಿರುಗಿದರು.

"ಏನೋ, ಸೋಮವಾರ ಹೋಗ್ತೀಯಾ?"

ಭಾವಮೈದುನ ಪಟ್ಟೆ ನೋಡಿದ, ಭಾವನನ್ನು ನೋಡಿದ. ಮೇಷ್ಟ್ರು ಆ ಹೊತ್ತಿಗೆ ಸುತ್ತಿಗೆಯ ಹಿಡಿಯನ್ನು ತುಂಬಾ ಶ್ರದ್ಧೆಯಿಂದ ಒರೆಸುತ್ತಿದ್ದರು.

"ಹೆಂಗಕ್ಕ ಹೋಗೋದು? ಈ ಅಮ್ಮನಿಗೆ ತಿಳಿಸಿ ಹೇಳೋದು ಭಾವ ಒಬ್ಬರಿಂದ ಆಗುತ್ತಾ?"

ಮೇಷ್ಟ್ರು ಒರೆಸುವುದನ್ನು ನಿಲ್ಲಿಸಿದರು. ಎಲ್ಲರಿಗೂ ಟೀ ತರಿಸಿದರು. ಅದು ಅವರ ಸ್ವಭಾವವಲ್ಲ. ಟೀ ಮುಗಿಯುವ ಮುಂಚೆಯೇ, ದೊಡ್ಡ ಶೂ ಹಾಕಿಕೊಂಡೂ ಬೀಳುವವರೆಗೆ ಮುಂದಿದ್ದಳು ಎಂದ ಮೇಲೆ ಬಾಣವೇ ಹೆಚ್ಚಲ್ಲವೇ ಎಂದು ಶುರುಮಾಡಿದರು. ಎದುರಾಳಿಗೆ ತನ್ನ ಶೂ ಕೊಟ್ಟವಳು ಹೆಚ್ಚೋ ಇಸಕೊಂಡವಳು ಹೆಚ್ಚೋ ಎಂದು ಭಾವಮೈದುನ ಕೇಳಿದ. ಮೂವತ್ತು ವರ್ಷಗಳಲ್ಲಿ ಮೊದಲ ಸಲ ಹೊಸ ಸಾಮಗ್ರಿ ಸಿಕ್ಕಿತ್ತು. ಲೈನ್‌ಮನ್ ಮತ್ತೆ ಕಾರಿನ ಸೀಟಿನಲ್ಲಿ ಕೂತರು. ಅವರ ದವಡೆ ನೋವು ಹೋಗಿತ್ತು.

ಮುಂದಿನ ವಾರ ಹೊರಗೆ ಹೋದ ದಿವಾನ್ ಮಂಚದ ಹೂವುಗಳೆಲ್ಲ ಎಡಕ್ಕೆ ಬಾಗಿದ್ದವು.

ಆದರೆ ಅಕ್ಕ ಆ ಶನಿವಾರದ ಪಾಠವನ್ನು ಮರೆಯಲಿಲ್ಲ. ಈಗ ಅಂಗಡಿಯಲ್ಲಿ ಪಟ್ಟೆ ಬಟ್ಟೆಯನ್ನೂ ತೆಗೆದುಕೊಳ್ಳುತ್ತಾರೆ. ಮೊಳೆ ಹೊಡೆಯುವ ದಿನ ಫ್ಲ್ಯಾಟಿಗೆ ಹೇಳಿಕಳಿಸಿದರೆ ಆಕೆ ಮಂಡಿ ಹಿಡಿದುಕೊಂಡು ಬಂದು ಕೂರುತ್ತಾರೆ. ಇಬ್ಬರೂ ಬಾಯಿ ತುಂಬಿಸಿಕೊಳ್ಳುವವರೆಗೆ ಕಾಯುತ್ತಾರೆ, ಆಮೇಲೆ ಗೋಡೆಯ ಚಿತ್ರ ನೋಡಿ, ಏನೇ ಹೇಳಿ, ನಾವಿಬ್ಬರೂ ಒಂದೇ ಎನ್ನುತ್ತಾರೆ. ಸುತ್ತಿಗೆಗಳು ಜೊತೆಯಾಗಿ ಇಳಿಯುತ್ತವೆ. ಕೆಲಸ ಮುಗಿದ ಮೇಲೆ ಇಬ್ಬರೂ ಸೇರಿ ಆಕೆಗೆ ಓಟವನ್ನು ವಿವರಿಸುತ್ತಾರೆ. ಆಕೆ ತಲೆಯಾಡಿಸಿ ಟೀ ಕುಡಿದು ಹೋಗುತ್ತಾರೆ.

ಪಟ್ಟೆ ಸೋಫಾ ಯಾವಾಗ ಆಗುತ್ತದೆ ಎಂದು ಕೇಳುವ ಗಿರಾಕಿಗಳಿಗೆ ಅಕ್ಕ ದಿನಾಂಕ ಹೇಳುವುದಿಲ್ಲ.

"ಅಮ್ಮ ಮನೇಲಿ ಇದ್ದಾರಾ ಕೇಳಿ ಹೇಳ್ತೀನಿ," ಎನ್ನುತ್ತಾರೆ.